ಯಾರೂ ತಿರುಗಿಸಿ ನೋಡದ ಬೆನ್ನು

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು

ವಿಷಯ: ಸರ್ಕಾರಿ ಆಸ್ಪತ್ರೆಗಳಲ್ಲಿ ಮಲಗಿರುವ ವಯಸ್ಸಾದವರ ಚರ್ಮದ ಆರೈಕೆ ಬಗ್ಗೆ

ಮಾನ್ಯರೇ,

ನಾನು ಒಬ್ಬ ಟೈಲರ್. ಒಂದು ತಾಲ್ಲೂಕು ಊರಿನಲ್ಲಿ ಲೇಡೀಸ್ ಟೈಲರಿಂಗ್ ಅಂಗಡಿ ಇಟ್ಟು 24 ವರ್ಷ ಆಯಿತು. ಈ ಪತ್ರವನ್ನು ನಿಮಗೆ ಬರೆಯಬೇಕಾ, ವೈದ್ಯಕೀಯ ಶಿಕ್ಷಣ ಸಚಿವರಿಗೆ ಬರೆಯಬೇಕಾ ಎಂದು ಎರಡು ದಿನ ಯೋಚಿಸಿದೆ. ನಮ್ಮ ಜಿಲ್ಲಾ ಆಸ್ಪತ್ರೆಗೆ ಈಗ ಮೆಡಿಕಲ್ ಕಾಲೇಜೂ ಸೇರಿಕೊಂಡಿದೆ. ಯಾವುದು ಯಾರ ಕೈಕೆಳಗೆ ಬರುತ್ತದೆ ಅಂತ ಅಲ್ಲಿನ ಗುಮಾಸ್ತರಿಗೇ ಸರಿಯಾಗಿ ಹೇಳೋಕೆ ಆಗಲಿಲ್ಲ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಯಾರ ಕೆಲಸವೋ ಅವರು ಓದಿಕೊಳ್ಳಲಿ.

ಕಳೆದ ವರ್ಷ ಮಳೆಗಾಲದಲ್ಲಿ ನನ್ನ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ವಯಸ್ಸು 78. ಸೊಂಟದ ಹತ್ತಿರ ಮೂಳೆ ಮುರಿದಿತ್ತು. ಅದೇ ರಾತ್ರಿ ಜಿಲ್ಲಾ ಆಸ್ಪತ್ರೆಗೆ ಸೇರಿಸಿದೆವು. ಹೆಂಗಸರ ಮೂಳೆ ವಾರ್ಡಿನಲ್ಲಿ ಬೆಡ್ ಸಿಕ್ಕಿತು. ಕಾಲಿಗೆ ಪಟ್ಟಿ ಸುತ್ತಿ, ತುದಿಗೆ ತೂಕ ಇಳಿಬಿಟ್ಟರು. ಸಕ್ಕರೆ ಜಾಸ್ತಿ ಇತ್ತು. ಅದು ಇಳಿದ ಮೇಲೆ ಆಪರೇಷನ್ ಅಂದರು. ನಮಗೆ ಸಿಕ್ಕಿದ ಸೂಚನೆ ಒಂದೇ: "ಅಲುಗಾಡಿಸಬೇಡಿ."

ನಾವು ಅಲುಗಾಡಿಸಲಿಲ್ಲ. ಮುಖ ಒರೆಸಿದೆ, ಕೈ ಒರೆಸಿದೆ, ಎದೆ ಒರೆಸಿದೆ. ಬೆನ್ನು ಮುಟ್ಟಲಿಲ್ಲ. ನಾಲ್ಕನೇ ದಿನ ಅಮ್ಮ, "ಬೆನ್ನು ಉರೀತದೆ ಕಣೇ" ಅಂದರು. ಹಾಸಿಗೆ ರೆಕ್ಸಿನ್‌ದು, ಬೆವರಿರಬೇಕು ಅಂದುಕೊಂಡು ಕೈಗೆ ಸಿಕ್ಕಷ್ಟು ಜಾಗಕ್ಕೆ ಪೌಡರ್ ಹಾಕಿದೆ. ಆರನೇ ದಿನದಿಂದ ಅಮ್ಮ ಉರಿ ಅನ್ನುವುದನ್ನು ನಿಲ್ಲಿಸಿದರು. ಕಡಿಮೆಯಾಯಿತು ಅಂತ ನನಗೆ ಸಮಾಧಾನ ಆಗಿತ್ತು. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ಒಂಬತ್ತನೇ ದಿನ ಆಪರೇಷನ್‌ಗೆ ಕರೆದುಕೊಂಡು ಹೋದರು. ಅರ್ಧ ಗಂಟೆಯೊಳಗೆ ವಾಪಸ್ ಕಳಿಸಿದರು. ಸೊಂಟದ ಕೆಳಗೆ ಮರಗಟ್ಟಿಸಲು ಬೆನ್ನಿಗೆ ಇಂಜೆಕ್ಷನ್ ಕೊಡಬೇಕಲ್ಲ, ಅದಕ್ಕೆ ಮಗ್ಗುಲಿಗೆ ತಿರುಗಿಸಿದ್ದಾರೆ. ಅರಿವಳಿಕೆ ಡಾಕ್ಟರ್ ಹೊರಗೆ ಬಂದು ನನ್ನನ್ನು ಕೇಳಿದ್ದು ಇಷ್ಟೇ: "ಇದನ್ನ ಯಾರೂ ನೋಡಿರಲಿಲ್ವಾ?"

ಆಮೇಲೆ ನಾನೂ ನೋಡಿದೆ. ಬಾಲದ ಮೂಳೆಯ ಮೇಲೆ ಅಂಗೈ ಅಗಲದ ಕಪ್ಪು ತೇಪೆ. ನಡುವೆ ಒಡೆದು ಹಸಿ ಮಾಂಸ ಕಾಣುತ್ತಿತ್ತು. ವಾಸನೆ ಇತ್ತು. ಬೆಡ್ ಸೋರ್ ಅನ್ನುತ್ತಾರೆ, ಅಲುಗದೆ ಮಲಗಿದ ಕಡೆಯೇ ಒತ್ತಿ ಆಗುವ ಹುಣ್ಣು. ತೂಕ ಕಟ್ಟಿದ ಕಾಲಿನ ಹಿಮ್ಮಡಿಯಲ್ಲಿ ಲಿಂಬೆಹಣ್ಣಿನಷ್ಟು ನೀರುಗುಳ್ಳೆ. ಒಂಬತ್ತು ದಿನದಲ್ಲಿ ಅಮ್ಮನ ಹತ್ತಿರ ಬಂದವರನ್ನು ಲೆಕ್ಕ ಹಾಕಿದೆ. ಮೂಳೆ ಡಾಕ್ಟರು, ಸಕ್ಕರೆ ನೋಡುವ ಡಾಕ್ಟರು, ಹೃದಯದ ಪರೀಕ್ಷೆಯವರು, ರಕ್ತ ತೆಗೆಯುವವರು, ಬೆಳಿಗ್ಗೆ ರೌಂಡ್ಸ್‌ನಲ್ಲಿ ಕಲಿಯುವ ಹುಡುಗ ಹುಡುಗಿಯರು. ಒಬ್ಬೊಬ್ಬರೂ ಅವರವರ ಭಾಗ ನೋಡಿದರು, ಬರೆದುಕೊಂಡರು. ಬೆನ್ನು ಯಾರ ಪಾಲಿಗೂ ಬಂದಿರಲಿಲ್ಲ.

ಮಾನ್ಯರೇ, ನನ್ನ ದೂರು ಯಾವ ಡಾಕ್ಟರ ಮೇಲೂ ಅಲ್ಲ, ಸಿಸ್ಟರ್‌ಗಳ ಮೇಲಂತೂ ಖಂಡಿತ ಅಲ್ಲ. ಆ ವಾರ್ಡಿನಲ್ಲಿ 34 ಬೆಡ್. ರಾತ್ರಿ ಪಾಳಿಗೆ ಒಬ್ಬರೇ ಸಿಸ್ಟರ್. ಜನರಲ್ ವಾರ್ಡಿನಲ್ಲಿ 5 ರೋಗಿಗಳಿಗೆ ಒಬ್ಬರು, ಮೆಡಿಕಲ್ ಕಾಲೇಜು ಆಸ್ಪತ್ರೆಯಾದರೆ 3 ರೋಗಿಗಳಿಗೆ ಒಬ್ಬರು ನರ್ಸ್ ಇರಬೇಕು ಎಂದು ಭಾರತೀಯ ಶುಶ್ರೂಷಾ ಪರಿಷತ್ತು ಹೇಳುತ್ತದೆ. ನಮ್ಮ ವಾರ್ಡಿನಲ್ಲಿ ತಾವಾಗಿ ಮಗ್ಗುಲು ಬದಲಿಸಲಾಗದವರು ಹತ್ತು ಹನ್ನೆರಡು ಜನ ಇರುತ್ತಿದ್ದರು. ಅವರನ್ನು ಎರಡು ಗಂಟೆಗೊಮ್ಮೆ ತಿರುಗಿಸಬೇಕು ಅಂದುಕೊಳ್ಳಿ. ಒಬ್ಬರಿಗೆ ಐದು ನಿಮಿಷ, ಹಿಡಿಯಲು ಇಬ್ಬರು. ಎರಡು ಗಂಟೆಯಲ್ಲಿ ಒಂದು ಗಂಟೆ ಅದಕ್ಕೇ ಹೋಯಿತು. ಎರಡನೇ ಜೊತೆ ಕೈ ಎಲ್ಲಿಂದ ಬರಬೇಕು? ರಾತ್ರಿ ಡ್ರಿಪ್ ಮುಗಿದದ್ದನ್ನು ತೆಗೆಯಲಿಕ್ಕೇ ಆಕೆ ಓಡುತ್ತಿದ್ದರು. ಒಮ್ಮೆ ಬೆಳಗಿನ ಜಾವ ಮೂರು ಗಂಟೆಗೆ ಅವರು ಮೇಜಿನ ಹತ್ತಿರ ನಿಂತುಕೊಂಡೇ ಟಿಫನ್ ಬಾಕ್ಸ್ ತೆಗೆದು ಮುದ್ದೆ ತಿನ್ನುವುದನ್ನು ನೋಡಿದ್ದೇನೆ.

ಆ ಸಿಸ್ಟರ್ ಒಬ್ಬರೇ ಆಮೇಲೆ ನನಗೆ ಕಲಿಸಿಕೊಟ್ಟದ್ದು. ಮೂಳೆ ಮುರಿದವರನ್ನೂ ತಿರುಗಿಸಬಹುದು. ಕಾಲುಗಳ ನಡುವೆ ದಿಂಬಿಟ್ಟು, ಮರದ ದಿಮ್ಮಿ ಉರುಳಿಸುವ ಹಾಗೆ ಇಡೀ ಮೈಯನ್ನು ಒಟ್ಟಿಗೆ. ಪೂರ್ತಿ ಮಗ್ಗುಲೂ ಬೇಡ, ಸ್ವಲ್ಪ ಓರೆ ಮಾಡಿ ಬೆನ್ನಿಗೆ ದಿಂಬು ಕೊಟ್ಟರೆ ಸಾಕು. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬು. ಕಲಿಯಲು ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷ ಮೊದಲ ದಿನ ಸಿಕ್ಕಿದ್ದರೆ!

ಮನೆಯಲ್ಲಿ ಕಲಿತದ್ದರಲ್ಲಿ ಎಷ್ಟು ತಪ್ಪಿತ್ತು ಅಂತಲೂ ಆಗ ಗೊತ್ತಾಯಿತು. ಪಕ್ಕದ ಬೆಡ್ಡಿನವರು ಗಾಳಿ ತುಂಬಿದ ರಿಂಗ್ ಮೇಲೆ ಕೂರಿಸುತ್ತಿದ್ದರು. ಅದು ಸುತ್ತಲೂ ಒತ್ತಿ ನಡುವಿನ ಜಾಗಕ್ಕೆ ರಕ್ತ ಹೋಗದಂತೆ ಮಾಡುತ್ತದಂತೆ, ಬೇಡ ಅನ್ನುತ್ತಾರೆ. ಬಣ್ಣ ತಿರುಗಿದ ಜಾಗವನ್ನು ಉಜ್ಜಿ ಮಾಲೀಸು ಮಾಡುವುದೂ ಕೂಡದು. ಸ್ಪಿರಿಟ್ ಹಚ್ಚಿದರೆ ಚರ್ಮ ಇನ್ನೂ ಒಣಗುತ್ತದೆ. ಉಸಿರಾಡಲು ಸುಲಭ ಅಂತ ನಾವು ಹಾಸಿಗೆಯ ತಲೆ ಕಡೆ ಎತ್ತರಿಸಿ ಇಡುತ್ತಿದ್ದೆವು. ಅಮ್ಮ ನಿಧಾನಕ್ಕೆ ಕೆಳಗೆ ಜಾರುತ್ತಿದ್ದರು. ಜಾರುವಾಗ ಚರ್ಮ ಹಾಸಿಗೆಗೆ ಅಂಟಿಕೊಂಡು ಅಲ್ಲೇ ನಿಲ್ಲುತ್ತದೆ, ಒಳಗಿನ ಮೂಳೆ ಮಾತ್ರ ಮುಂದೆ ಹೋಗುತ್ತದೆ. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಬಟ್ಟೆ ಒಂದು ಕಡೆ, ಲೈನಿಂಗ್ ಒಂದು ಕಡೆ ಎಳೆದರೆ ಒಳಗೆ ದಾರ ಕಿತ್ತು ಬರುತ್ತದೆ, ಹೊರಗೆ ಏನೂ ಕಾಣಿಸುವುದಿಲ್ಲ. ವೈದ್ಯಕೀಯ ಕಾರಣ ಇಲ್ಲದಿದ್ದರೆ ತಲೆ ಕಡೆ 30 ಡಿಗ್ರಿಗಿಂತ ಜಾಸ್ತಿ ಎತ್ತಬಾರದಂತೆ.

ಇನ್ನೊಂದು ಮಾತು. ಬೆಡ್ ಸೋರ್ ಶುರುವಾಗುವಾಗ ಚರ್ಮ ಕೆಂಪಾಗುತ್ತದೆ, ಒತ್ತಿದರೂ ಆ ಕೆಂಪು ಹೋಗುವುದಿಲ್ಲ, ಅದೇ ಮೊದಲ ಹಂತ ಎಂದು ಪುಸ್ತಕದಲ್ಲಿರುತ್ತದೆ. ನನ್ನ ಅಮ್ಮನ ಮೈಬಣ್ಣ ಕಪ್ಪು. ನಮ್ಮಲ್ಲಿ ಬಹಳ ಜನರದ್ದು ಹಾಗೇ ಅಲ್ವಾ? ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ. ಸುತ್ತಲಿಗಿಂತ ಸ್ವಲ್ಪ ದಟ್ಟವಾಗಿ, ನೀಲಿ ಕಲೆಸಿದ ಹಾಗೆ ಕಾಣುತ್ತದೆ. ಮುಟ್ಟಿದರೆ ಬಿಸಿ ಇರುತ್ತದೆ, ಇಲ್ಲವೇ ಗಟ್ಟಿಯಾಗಿರುತ್ತದೆ. ಅಂದರೆ ಕಣ್ಣಿಂದ ನೋಡಿದರೆ ಸಾಲದು, ಕೈಯಿಂದಲೂ ನೋಡಬೇಕು. ಕಲಿಯಲು ಬಂದ ಮಕ್ಕಳಿಗೆ ಇದನ್ನು ಹೇಳಿಕೊಡುತ್ತಾರಾ ಅನ್ನುವುದು ನನ್ನ ಒಂದು ಸಣ್ಣ ಪ್ರಶ್ನೆ.

ಚರ್ಮದ ವಿಭಾಗ ಅದೇ ಕಟ್ಟಡದ ನೆಲಮಹಡಿಯಲ್ಲೇ ಇತ್ತು. ಹೋಗಿ ಕೇಳಿದೆ. "ರೋಗಿಯನ್ನ ಕರ್ಕೊಂಡು ಬನ್ನಿ" ಅಂದರು. ರೋಗಿ ಎರಡನೇ ಮಹಡಿಯಲ್ಲಿ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದಾರೆ ಅಂದೆ. ಹಾಗಾದರೆ ಮೂಳೆ ವಿಭಾಗದಿಂದ ಚೀಟಿ ತನ್ನಿ ಅಂದರು. ಚೀಟಿ ಬಂತು, ಮೂರನೇ ದಿನಕ್ಕೆ ಡಾಕ್ಟರೂ ಬಂದರು. ಬಂದವರು ಚೆನ್ನಾಗಿಯೇ ನೋಡಿದರು, ಅದನ್ನೂ ಹೇಳಬೇಕು. ಕೈಗೆ ಅಂಟಿಸಿದ್ದ ಪ್ಲಾಸ್ಟರ್ ಕೀಳುವಾಗ ಚರ್ಮವೂ ಕಿತ್ತು ಬಂದಿತ್ತು. ಅದನ್ನು ನೋಡಿ, ವಯಸ್ಸಾದವರಿಗೆ ಈ ಪ್ಲಾಸ್ಟರ್ ಹಾಕಬೇಡಿ, ಕಾಗದದ ಟೇಪ್ ಹಾಕಿ ಅಥವಾ ಬಟ್ಟೆ ಸುತ್ತಿ ಅಂತ ಬರೆದು ಹೋದರು. ಆ ವಯಸ್ಸಿನ ಚರ್ಮ ಹಳೇ ವಾಯಿಲ್ ಸೀರೆಯಂತೆ. ಹೊಸ ಬಟ್ಟೆಗೆ ಹಾಕುವ ಸೂಜಿಯನ್ನು ಅದಕ್ಕೆ ಹಾಕುವುದಿಲ್ಲ.

ಗಾಯದ ಸೋಂಕು ಇಳಿದು ಆಪರೇಷನ್ ಆಗುವಷ್ಟರಲ್ಲಿ 16ನೇ ದಿನ. ಆಪರೇಷನ್ ತಡವಾಗಿದ್ದಕ್ಕೆ ಹುಣ್ಣು ಕಾರಣ, ಹುಣ್ಣು ದೊಡ್ಡದಾಗಿದ್ದಕ್ಕೆ ಆ ತಡವೇ ಕಾರಣ. ಒತ್ತಡ ಒಂದೇ ಕಡೆ ಬೀಳದಂತೆ ಕರೆಂಟಿನಲ್ಲಿ ಗಾಳಿ ತುಂಬುವ ಹಾಸಿಗೆ ಆಸ್ಪತ್ರೆಯಲ್ಲಿ ಇರಲಿಲ್ಲ. 2,800 ರೂಪಾಯಿ ಕೊಟ್ಟು ಹೊರಗಿನಿಂದ ತಂದೆವು. ಎರಡು ದಿನ ಅದಕ್ಕೆ ಪ್ಲಗ್ ಪಾಯಿಂಟ್ ಸಿಗಲಿಲ್ಲ.

26ನೇ ದಿನ ಮನೆಗೆ ಕಳಿಸಿದರು. ಡಿಸ್ಚಾರ್ಜ್ ಕಾರ್ಡಿನಲ್ಲಿ ಮೂಳೆ ಇತ್ತು, ಸಕ್ಕರೆ ಇತ್ತು, ಹಾಕಿದ ರಾಡಿನ ವಿವರ ಇತ್ತು. ಬೆನ್ನು ಇರಲಿಲ್ಲ. ಡ್ರೆಸ್ಸಿಂಗ್‌ಗೆ ನಮ್ಮೂರ ಆರೋಗ್ಯ ಕೇಂದ್ರದಿಂದ ಬಂದ ಸಿಸ್ಟರ್, "ಇದು ಎಲ್ಲಾಯ್ತು? ಕಾರ್ಡಲ್ಲಿ ಇಲ್ವಲ್ಲ" ಅಂದರು. ಮನೆಯಲ್ಲಿ ನೋಡಿಕೊಂಡದ್ದು ಸರಿ ಇಲ್ಲ ಅನ್ನುವ ಅನುಮಾನ ಆ ಮಾತಿನಲ್ಲಿತ್ತು. ನನಗೆ ಎಲ್ಲಕ್ಕಿಂತ ಚುಚ್ಚಿದ್ದು ಇದು. ಕಾಗದದಲ್ಲಿ ಇಲ್ಲದಿದ್ದರೆ ಆ ಹುಣ್ಣು ನಿಮ್ಮ ಆಸ್ಪತ್ರೆಯಲ್ಲಿ ಆಗಲೇ ಇಲ್ಲ. ನಿಮ್ಮ ಮೇಜಿಗೆ ಬರುವ ಲೆಕ್ಕದಲ್ಲೂ ಅದು ಇರುವುದಿಲ್ಲ. ಲೆಕ್ಕದಲ್ಲಿ ಇಲ್ಲದ್ದಕ್ಕೆ ಹಾಸಿಗೆ ಕೊಳ್ಳಲು ಯಾರು ದುಡ್ಡು ಕೊಡುತ್ತಾರೆ?

ಇಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಎದುರು ಬೆಡ್ಡಿನಲ್ಲಿ ಒಬ್ಬರು ಅಜ್ಜಿ ಇದ್ದರು. ರಾತ್ರಿಯೆಲ್ಲ ಕೆರೆದುಕೊಳ್ಳುತ್ತಿದ್ದರು. "ವಯಸ್ಸಾಯ್ತು, ಚರ್ಮ ಒಣಗಿದೆ" ಅಂತ ಎಲ್ಲರೂ ಹೇಳಿದರು. ನಾನೂ ಹೇಳಿದೆ. ಹೌದು, ವಯಸ್ಸಾದವರಿಗೆ ಒಣಚರ್ಮದ ತುರಿಕೆ ಇರುತ್ತದೆ. ಬಿಸಿ ನೀರು, ಸೋಪು, ಡೆಟಾಲ್ ಅದನ್ನು ಇನ್ನೂ ಕೆಡಿಸುತ್ತವೆ. ಮೈ ಒರೆಸಿದ ಕೂಡಲೇ ವ್ಯಾಸಲೀನ್ ಹಚ್ಚಿದರೆ ಎಷ್ಟೋ ಕಡಿಮೆಯಾಗುತ್ತದೆ. ಆದರೆ ಆ ಅಜ್ಜಿಗೆ ಇದ್ದದ್ದು ಕಜ್ಜಿ, ಚರ್ಮದೊಳಗೆ ಸೇರುವ ಸಣ್ಣ ಹುಳದಿಂದ ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆ. ಅವರ ಮಗಳೂ ಕೆರೆದುಕೊಳ್ಳುತ್ತಿದ್ದಳು. ಅವಳೂ ನಾನೂ ರಾತ್ರಿ ಒಂದೇ ಚಾಪೆಯಲ್ಲಿ ಮಲಗುತ್ತಿದ್ದೆವು, ಒಂದೇ ಕಂಬಳಿ.

ಮನೆಗೆ ಬಂದು ಎರಡು ವಾರಕ್ಕೆ ನನಗೆ ಶುರುವಾಯಿತು. ಮೊದಲ ಸಲ ಕಜ್ಜಿ ತಗುಲಿದಾಗ ತುರಿಕೆ ಕಾಣಿಸಿಕೊಳ್ಳಲು ನಾಲ್ಕಾರು ವಾರ ಬೇಕಂತೆ. ಅಷ್ಟರಲ್ಲಿ ಅಮ್ಮನಿಗೆ, ಮಗಳಿಗೆ, ಎಲ್ಲರಿಗೂ ಹರಡಿತ್ತು. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಒಂದು ಟ್ಯೂಬ್ ಕೊಟ್ಟರು. ಚೀಟಿ ಕೇಳಲಿಲ್ಲ. ಹಚ್ಚಿದ ನಾಲ್ಕು ದಿನ ಆರಾಮ, ಆಮೇಲೆ ಎರಡರಷ್ಟು. ಅದರಲ್ಲಿ ಸ್ಟಿರಾಯ್ಡ್ ಇತ್ತು. ಅದು ತುರಿಕೆಯನ್ನು ಮುಚ್ಚಿಡುತ್ತದೆ, ಹುಳವನ್ನು ಕೊಲ್ಲುವುದಿಲ್ಲ. ಇಂಥ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರ್ಕಾರ 2018ರಲ್ಲೇ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ನಿಮ್ಮ ಔಷಧ ನಿಯಂತ್ರಣದವರು ಆಸ್ಪತ್ರೆ ಗೇಟಿನ ಎದುರಿನ ಅಂಗಡಿಗಳಿಗೆ ಒಂದು ಸಂಜೆ ಸುಮ್ನೆ ಗಿರಾಕಿಗಳ ಹಾಗೆ ಹೋಗಿ ನೋಡಲಿ.

ಕೊನೆಗೆ ಚರ್ಮದ ಡಾಕ್ಟರೊಬ್ಬರು ನನ್ನ ಬೆರಳ ಸಂದಿಯನ್ನು ಭೂತಗನ್ನಡಿಯಲ್ಲಿ ನೋಡಿ, "ಯಾವುದಾದ್ರೂ ಆಸ್ಪತ್ರೆಯಲ್ಲಿ ಇದ್ರಾ?" ಅಂದರು. ಪರ್ಮೆಥ್ರಿನ್ 5% ಮುಲಾಮನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿ ರಾತ್ರಿಯಿಡೀ ಬಿಡಬೇಕು, ಒಂದು ವಾರ ಬಿಟ್ಟು ಇನ್ನೊಮ್ಮೆ. ಅಮ್ಮನಂಥ ವಯಸ್ಸಾದವರಿಗೆ ತಲೆ, ಮುಖಕ್ಕೂ ಬೇಕಾಗಬಹುದು. ಮುಖ್ಯ ಏನೆಂದರೆ ಮನೆಯ ಐದೂ ಜನ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು, ತುರಿಕೆ ಇಲ್ಲದವರೂ ಕೂಡ. ಒಬ್ಬರು ಬಿಟ್ಟರೆ ಮತ್ತೆ ಮೊದಲಿಂದ. ಬಟ್ಟೆ ಬಿಸಿನೀರಲ್ಲಿ ಒಗೆಯಬೇಕು. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು. ಮೈ ಬಿಟ್ಟರೆ ಆ ಹುಳ ಎರಡು ಮೂರು ದಿನಕ್ಕಿಂತ ಬದುಕುವುದಿಲ್ಲ. ನನ್ನ ಅಂಗಡಿಯಲ್ಲಿ ಗಿರಾಕಿಗಳ ರವಿಕೆಗಳು ನೇತಾಡುತ್ತಿದ್ದವು. ಟೈಲರ್‌ಗೆ ಕಜ್ಜಿ ಅಂತ ಊರಲ್ಲಿ ಗೊತ್ತಾದರೆ ಏನಾಗುತ್ತದೆ ಅಂತ ನೀವೇ ಊಹಿಸಿ. ಒಂದು ವಾರ ಅಂಗಡಿ ಮುಚ್ಚಿ, ಮೆಷಿನ್ ರಿಪೇರಿ ಅಂತ ಬೋರ್ಡ್ ಹಾಕಿದೆ. ಇವತ್ತು ನಿಜ ಹೇಳುತ್ತಿದ್ದೇನೆ.

ಆ ಅಜ್ಜಿ ಬೇರೆ ಯಾವ ವಾರ್ಡಿಗೆ ಹೋದರೋ, ಅಲ್ಲಿ ಇನ್ನೆಷ್ಟು ಜನಕ್ಕೆ ಹರಡಿತೋ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಕಜ್ಜಿಯನ್ನು ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತಂತೆ. ನಿರ್ಲಕ್ಷ್ಯ ಅಂದರೆ ಏನು ಅಂತ ನಾನು ಆ ಚಾಪೆಯ ಮೇಲೆ ಮಲಗಿ ಕಲಿತೆ.

ಈಗ ಕಾನೂನಿನ ಮಾತು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯ್ದೆಯ 20ನೇ ಸೆಕ್ಷನ್, ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಹಿರಿಯ ರೋಗಿಗಳಿಗೆ ಮೀಸಲು ಸೌಲಭ್ಯ ಇರಬೇಕು, ಅದನ್ನು ಹಿರಿಯರ ಆರೈಕೆಯಲ್ಲಿ ಅನುಭವ ಇರುವ ವೈದ್ಯಾಧಿಕಾರಿ ನೋಡಿಕೊಳ್ಳಬೇಕು ಎನ್ನುತ್ತದೆ. 2010-11ರಲ್ಲಿ ಶುರುವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾಸ್ಪತ್ರೆಗೆ 10 ಹಾಸಿಗೆಯ ಹಿರಿಯರ ವಾರ್ಡ್ ಇದೆ. ನಮ್ಮ ಆಸ್ಪತ್ರೆಯಲ್ಲೂ ಇತ್ತು. ಶುಚಿಯಾಗಿತ್ತು, ಗೋಡೆಗೆ ಹಿಡಿಕೆ ಹಾಕಿದ್ದರು. ಆದರೆ ಮೂಳೆ ಮುರಿದವರು ಮೂಳೆ ವಾರ್ಡಿಗೆ, ಲಕ್ವ ಹೊಡೆದವರು ಮೆಡಿಕಲ್ ವಾರ್ಡಿಗೆ ಹೋಗುತ್ತಾರೆ. ಹಿರಿಯರ ವಾರ್ಡಿಗೆ ಸೇರಬೇಕಾದರೆ ವಯಸ್ಸು ಬಿಟ್ಟು ಬೇರೆ ಕಾಯಿಲೆ ಇರಬಾರದು ಅಂತ ನಾವು ನಗುತ್ತಿದ್ದೆವು. ಆ ಅನುಭವಿ ಡಾಕ್ಟರು ಹಿರಿಯರು ಮಲಗಿರುವ ಎಲ್ಲ ವಾರ್ಡಿಗೂ ಬರುವಂತಾಗಬೇಕು.

ನನ್ನ ಮುಖ್ಯ ಕೇಳಿಕೆ ಒಂದೇ. 60 ದಾಟಿದ ಯಾರನ್ನೇ ಒಳರೋಗಿಯಾಗಿ ಸೇರಿಸಿಕೊಂಡರೂ ಮೊದಲ ದಿನವೇ ಅವರನ್ನು ಓರೆ ಮಾಡಿ ಬೆನ್ನು, ಸೊಂಟ, ಹಿಮ್ಮಡಿ, ಬೆರಳ ಸಂದಿ, ಎದೆಯ ಕೆಳಗೆ, ತೊಡೆಯ ಸಂದಿ ನೋಡಬೇಕು. ನೋಡಿದ್ದನ್ನು ಕೇಸ್ ಶೀಟಿನಲ್ಲಿ ಬರೆಯಬೇಕು. ಏನೂ ಇಲ್ಲದಿದ್ದರೆ "ಏನೂ ಇಲ್ಲ" ಅಂತಲೇ ಬರೆಯಲಿ. ದಿನಾ ಹಾಗೇ. ಮನೆಗೆ ಕಳಿಸುವಾಗ ಡಿಸ್ಚಾರ್ಜ್ ಕಾರ್ಡಿನಲ್ಲೂ ಒಂದು ಸಾಲು. ಯಾರಿಗೆ ಅಪಾಯ ಜಾಸ್ತಿ ಅಂತ ಹೇಳುವ ಬ್ರೇಡನ್ ಅಂಕಪಟ್ಟಿ 1987ರಿಂದ ಇದೆ. ನೋವು ಗೊತ್ತಾಗುತ್ತದಾ, ಮೈ ಒದ್ದೆ ಇರುತ್ತದಾ, ಓಡಾಡುತ್ತಾರಾ, ತಾವಾಗಿ ಹೊರಳುತ್ತಾರಾ, ಸರಿಯಾಗಿ ಉಣ್ಣುತ್ತಾರಾ, ಹಾಸಿಗೆಯಲ್ಲಿ ಜಾರುತ್ತಾರಾ ಎಂಬ ಆರು ವಿಷಯ. ಒಟ್ಟು 23 ಅಂಕ, 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಚ್ಚರ. ಇದಕ್ಕೆ ಮೆಷಿನ್ ಬೇಡ, ಟೆಂಡರ್ ಬೇಡ. ಒಂದು ಹಾಳೆ ಮತ್ತು ಪೆನ್ನು ಸಾಕು.

ನರ್ಸ್‌ಗಳ ಹುದ್ದೆ ತುಂಬಿ ಅಂತ ನಾನು ಹೇಳಿ ಆಗಬೇಕಾದ್ದೇನಿಲ್ಲ, ನಿಮಗೂ ಗೊತ್ತಿದೆ. ಅವರು ಬರುವವರೆಗೂ ತಿರುಗಿಸುವವರು ರೋಗಿಯ ಜೊತೆಗಿರುವ ನಮ್ಮಂಥ ಮನೆಯವರೇ. ನಮಗೆ ಕಲಿಸಿ. ಸೇರಿಸಿಕೊಂಡ ದಿನವೇ ಹತ್ತು ನಿಮಿಷ, ಕನ್ನಡದಲ್ಲಿ, ಕೈ ಹಿಡಿದು. ಆಸ್ಪತ್ರೆಯದೇ ಆದ ಆರೋಗ್ಯ ರಕ್ಷಾ ಸಮಿತಿಯ ದುಡ್ಡಿನಲ್ಲಿ ವಾರ್ಡಿಗೆ ನಾಲ್ಕಾದರೂ ಗಾಳಿ ಹಾಸಿಗೆ ಇಡಿಸಿ. ವಾರಕ್ಕೆ ಎರಡು ಸಲ ಚರ್ಮದ ಡಾಕ್ಟರು ಮೇಲೆ ಹತ್ತಿ ಬರಲಿ. ವಾರ್ಡಿನಲ್ಲಿ ಒಬ್ಬರಿಗೆ ಕಜ್ಜಿ ಇದೆ ಎಂದರೆ ಅವರ ಜೊತೆಗಿದ್ದವರಿಗೂ ಅಕ್ಕಪಕ್ಕದವರಿಗೂ ಒಂದೇ ದಿನ ಔಷಧಿ ಆಸ್ಪತ್ರೆಯಿಂದಲೇ ಸಿಗಲಿ.

ಅಮ್ಮನ ಹುಣ್ಣು ಮಾಯಲು ಐದು ತಿಂಗಳು ಹಿಡಿಯಿತು. ಈಗ ವಾಕರ್ ಹಿಡಿದು ಓಡಾಡುತ್ತಾರೆ. ಬೆಳಿಗ್ಗೆ ಅಂಗಡಿ ಬಾಗಿಲಲ್ಲಿ ಕೂತು ಕಾಜಾ ಗುಂಡಿಗಳನ್ನು ಬೇರೆ ಬೇರೆ ಮಾಡಿಕೊಡುತ್ತಾರೆ. ಗಾಯ ಇದ್ದ ಜಾಗದಲ್ಲಿ ಚರ್ಮ ಇನ್ನೂ ಕಾಗದದ ಹಾಗೆ ಇದೆ. ಅರ್ಧ ಗಂಟೆಗೊಮ್ಮೆ ಎಬ್ಬಿಸಿ ನಿಲ್ಲಿಸುತ್ತೇನೆ, ಬೈಯುತ್ತಾರೆ.

ಆಸ್ಪತ್ರೆಯಲ್ಲಿದ್ದಾಗ ಅಮ್ಮನಿಗೆ ಒಂದು ಅಂಗಿ ಹೊಲಿದಿದ್ದೆ. ಹಿಂದೆ ಪೂರ್ತಿ ತೆರೆಯುತ್ತದೆ, ಗುಂಡಿ ಇಲ್ಲ, ಭುಜದಲ್ಲಿ ಲಾಡಿ. ಬೆನ್ನಿನ ಕಡೆ ಒಂದೂ ಹೊಲಿಗೆ ಬರದ ಹಾಗೆ ಕತ್ತರಿಸಿದ್ದೇನೆ. ಮಲಗಿದವರನ್ನು ಎತ್ತದೆ ಹಾಕಬಹುದು, ಬೆನ್ನು ನೋಡಲು ಬಿಚ್ಚಬೇಕಾಗಿಲ್ಲ. ಮೆತ್ತನೆಯ ಹತ್ತಿಯದ್ದು, 20 ಅಂಗಿ ಹೊಲಿದಿಟ್ಟಿದ್ದೇನೆ. ಆ ವಾರ್ಡಿಗೆ ಕೊಡಬೇಕು ಅಂತ ಹೋದರೆ, ಹಾಗೆಲ್ಲ ತೆಗೆದುಕೊಳ್ಳುವಂತಿಲ್ಲ, ಸೂಪರಿಂಟೆಂಡೆಂಟ್‌ಗೆ ಅರ್ಜಿ ಕೊಡಿ ಅಂದರು. ಕೊಟ್ಟು ಆರು ವಾರ ಆಯಿತು. ಅದಕ್ಕೊಂದು ಉತ್ತರ ಕೊಡಿಸಿ.

ನಮಸ್ಕಾರಗಳೊಂದಿಗೆ,
ಇಂತಿ ತಮ್ಮ ವಿಶ್ವಾಸಿ,
ಹೆಂಗಸರ ಮೂಳೆ ವಾರ್ಡಿನಲ್ಲಿ 26 ದಿನ ಇದ್ದ ಒಬ್ಬ ಮಗಳು